ಎಳೆಯರ ಅರೆತಲೆನೋವು: ಮದ್ದಿಗೂ ಒಂದು ಪರೀಕ್ಷೆ ಬೇಕು

ಮನುಷ್ಯನ ಬೇನೆಗಳಲ್ಲಿ ಕೆಲವಕ್ಕೆ ಸಾಕ್ಷಿಯುಂಟು, ಕೆಲವಕ್ಕೆ ಇಲ್ಲ. ಜ್ವರ ಬಂದರೆ ಉಷ್ಣಮಾಪಕ ಹೇಳುತ್ತದೆ. ಎಲುಬು ಮುರಿದರೆ ಕ್ಷ-ಕಿರಣದ ಚಿತ್ರ ತೋರಿಸುತ್ತದೆ. ಮೈಯಲ್ಲಿ ರಕ್ತ ಕಡಿಮೆಯಾದರೆ ಒಂದು ಹನಿ ರಕ್ತವೇ ಅದನ್ನು ಸಾರುತ್ತದೆ. ಆದರೆ ಅರೆತಲೆನೋವಿಗೆ ನೋಯುವವರ ಮಾತಲ್ಲದೆ ಬೇರೆ ಸಾಕ್ಷಿಯಿಲ್ಲ. ನೋಯುವವರು ದೊಡ್ಡವರಾದರೆ ಲೋಕ ಆ ಮಾತನ್ನು ಹೇಗೋ ನಂಬುತ್ತದೆ. ಹದಿಮೂರು ಹದಿನಾಲ್ಕರ ಹುಡುಗಿ ಅದೇ ಮಾತನ್ನು ಹೇಳಿದರೆ, ‘ಲೆಕ್ಕದ ಪಾಠವಿದ್ದ ದಿನವೇ ನಿನಗೆ ತಲೆನೋವು ಬರುತ್ತದಲ್ಲ!’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಇದರ ಜೊತೆಗೆ ಇನ್ನೊಂದು ವಿಚಿತ್ರವನ್ನೂ ನೋಡಬಹುದು. ಮಗುವಿನ ಮಾತನ್ನು ಇಷ್ಟು ಸಂಶಯದಿಂದ ನೋಡುವ ನಾವೇ, ಮದ್ದಿನ ಮಾತನ್ನು ಎಳ್ಳಷ್ಟೂ ಸಂಶಯಿಸದೆ ಒಪ್ಪಿಬಿಡುತ್ತೇವೆ. ಗುಳಿಗೆ ನುಂಗಿದ ಮೇಲೆ ನೋವು ಇಳಿಯಿತೇ? ಹಾಗಾದರೆ ಗುಳಿಗೆಯಿಂದಲೇ ಇಳಿಯಿತು ಎಂದು ತೀರ್ಮಾನಿಸುತ್ತೇವೆ. ಇದು ತಿರುವುಮುರುವಾದ ನ್ಯಾಯ. ಮಗುವಿನ ಮಾತನ್ನು ನಂಬಬೇಕು. ಮದ್ದಿನ ಮಾತನ್ನು ಪರೀಕ್ಷಿಸಬೇಕು. ಈ ಲೇಖನದಲ್ಲಿ ನಾನು ವಾಚಕರ ಮುಂದಿಡಬಯಸುವ ಅಭಿಪ್ರಾಯ ಇಷ್ಟೇ.

ಅರೆತಲೆನೋವು ಇಂದು ನಿನ್ನೆಯ ಬೇನೆಯಲ್ಲ. ಚರಕಸಂಹಿತೆ ತಲೆಯ ರೋಗಗಳನ್ನು ವಿವರಿಸುವಾಗ ‘ಅರ್ಧಾವಭೇದಕ’, ‘ಸೂರ್ಯಾವರ್ತ’ ಎಂಬ ಎರಡು ಹೆಸರುಗಳನ್ನು ಹೇಳುತ್ತದೆ. ಮೊದಲನೆಯದು ತಲೆಯ ಅರ್ಧವನ್ನು ಸೀಳಿದಂತೆ ಬರುವ ನೋವು. ಎರಡನೆಯದು ಹೊತ್ತು ಏರಿದಂತೆ ಏರಿ, ಹೊತ್ತು ಇಳಿದಂತೆ ಇಳಿಯುವ ನೋವು. ಇಂದಿನ ವೈದ್ಯಶಾಸ್ತ್ರ ‘ಮೈಗ್ರೇನ್’ ಎಂದು ಕರೆಯುವ ಬೇನೆಗೆ ಮೊದಲನೆಯ ವರ್ಣನೆ ಬಹಳ ಹತ್ತಿರದ್ದು. ಮೈಗ್ರೇನಿಗೆ ತುತ್ತಾಗುವವರ ಮಿದುಳು ಹುಟ್ಟಿನಿಂದಲೇ ಸೂಕ್ಷ್ಮ. ಬೆಳಕು, ಸದ್ದು, ಹಸಿವು, ನಿದ್ರಾಭಂಗ, ಬಿಸಿಲು, ಮನಸ್ಸಿನ ಒತ್ತಡ ಇವುಗಳಲ್ಲಿ ಯಾವುದೋ ಒಂದು, ಅಥವಾ ಎರಡು ಮೂರು ಕೂಡಿ, ಒಂದು ಮಿತಿಯನ್ನು ದಾಟಿದೊಡನೆ ಮುಖ ಮತ್ತು ತಲೆಯ ನೋವನ್ನು ಸಾಗಿಸುವ ನರ ಕೆರಳುತ್ತದೆ. ಆ ನರದ ತುದಿಗಳಿಂದ ಸಿ.ಜಿ.ಆರ್.ಪಿ. ಎಂದು ಹೆಸರಿಸಲಾದ ಪ್ರೋಟೀನಿನ ತುಣುಕೊಂದು ಸೋರಿ, ಮಿದುಳಿನ ಹೊದಿಕೆಯ ರಕ್ತನಾಳಗಳನ್ನು ಹಿಗ್ಗಿಸಿ, ನೋವನ್ನು ಹೆಚ್ಚಿಸುತ್ತದೆ. ಹೊಟ್ಟೆ ತೊಳಸುವುದು, ವಾಂತಿ, ಬೆಳಕನ್ನೂ ಸದ್ದನ್ನೂ ಸಹಿಸಲಾಗದಿರುವುದು ಇದರ ಸಂಗಾತಿಗಳು.

ಮಕ್ಕಳಲ್ಲಿ ಈ ಬೇನೆಯ ರೂಪ ತುಸು ಬೇರೆ. ದೊಡ್ಡವರಿಗೆ ಒಂದು ಪಕ್ಕಕ್ಕೆ ಬರುವ ನೋವು ಮಕ್ಕಳಿಗೆ ಅನೇಕ ವೇಳೆ ಹಣೆಯ ಎರಡೂ ಕಡೆಗೆ ಬರುತ್ತದೆ. ದೊಡ್ಡವರಲ್ಲಿ ನಾಲ್ಕು ಗಂಟೆಗೆ ಕಡಿಮೆಯಿಲ್ಲದೆ ಕಾಡುವ ನೋವು ಮಕ್ಕಳಲ್ಲಿ ಎರಡು ಗಂಟೆಯಲ್ಲೇ ಮುಗಿಯಬಹುದು. ಮುಖ ಬಿಳಿಚಿ, ವಾಂತಿಯಾಗಿ, ಕತ್ತಲೆಯ ಕೋಣೆಯಲ್ಲಿ ಒಂದು ನಿದ್ದೆ ಮಾಡಿ ಎದ್ದ ಮಗು ಮತ್ತೆ ಆಡಲು ಹೊರಡುತ್ತದೆ. ‘ಇಷ್ಟು ಬೇಗ ಗುಣವಾಯಿತೆಂದರೆ ಅದು ಬರಿಯ ನೆಪ’ ಎಂದು ಹಿರಿಯರು ಭಾವಿಸುವುದು ಹೀಗೆ. ನಿದ್ದೆಯಿಂದ ಇಳಿಯುವುದು ಈ ಬೇನೆಯ ಗುಣವೇ ಹೊರತು ಮಗುವಿನ ಕಪಟವಲ್ಲ. ಬೇನೆ ಬಲಿತು ತಿಂಗಳಿಗೆ ೧೫ ಅಥವಾ ಹೆಚ್ಚು ದಿನ ತಲೆನೋವು ಬರುತ್ತಾ, ಅವುಗಳಲ್ಲಿ ಎಂಟು ದಿನಗಳಾದರೂ ಮೈಗ್ರೇನಿನ ಲಕ್ಷಣಗಳಿಂದ ಕೂಡಿದ್ದು, ಈ ಸ್ಥಿತಿ ಮೂರು ತಿಂಗಳಿಗೂ ಮೀರಿ ಮುಂದುವರಿದರೆ ಅದಕ್ಕೆ ದೀರ್ಘಕಾಲಿಕ ಮೈಗ್ರೇನ್ ಎನ್ನುತ್ತಾರೆ. ತಿಂಗಳಲ್ಲಿ ಅರ್ಧ ದಿನ ನೋವು. ಉಳಿದರ್ಧ ದಿನ ನೋವು ಬಂದೀತೆಂಬ ಅಂಜಿಕೆ. ಇಂಥ ಮಗುವಿನ ವಿದ್ಯಾಭ್ಯಾಸ ಹೇಗೆ ಸಾಗೀತು?

ನಮ್ಮ ನಾಡಿನಲ್ಲಿ ಈ ಬೇನೆ ಎಷ್ಟಿದೆ ಎಂಬುದಕ್ಕೆ ಒಂದು ಒಳ್ಳೆಯ ಲೆಕ್ಕವಿದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಸಂಶೋಧಕರು ವಿದೇಶದ ತಜ್ಞರೊಡಗೂಡಿ ಬೆಂಗಳೂರು ನಗರದಲ್ಲಿಯೂ ಸುತ್ತಲಿನ ಹಳ್ಳಿಗಳಲ್ಲಿಯೂ ಮನೆಮನೆಗೆ ಹೋಗಿ ೨,೩೨೯ ಜನರನ್ನು ವಿಚಾರಿಸಿ, ೨೦೧೫ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಒಂದು ವರ್ಷದ ಅವಧಿಯಲ್ಲಿ ಮೈಗ್ರೇನಿಗೆ ಗುರಿಯಾದವರು ನೂರಕ್ಕೆ ೨೫ ಮಂದಿ. ತಿಂಗಳಿಗೆ ೧೫ ದಿನ ಅಥವಾ ಹೆಚ್ಚು ತಲೆನೋವು ಅನುಭವಿಸುವವರು ನೂರಕ್ಕೆ ೩ ಮಂದಿ. ಇದು ಪಟ್ಟಣದ ಸುಖಜೀವಿಗಳ ಬೇನೆಯೆಂಬ ನಂಬಿಕೆಯನ್ನೂ ಆ ಲೆಕ್ಕ ಸುಳ್ಳುಮಾಡಿತು; ಮೈಗ್ರೇನ್ ಹೆಚ್ಚಾಗಿ ಕಂಡದ್ದು ಹಳ್ಳಿಗರಲ್ಲಿಯೇ. ಆದರೆ ವಾಚಕರು ಒಂದು ಸಂಗತಿಯನ್ನು ಗಮನಿಸಬೇಕು. ಆ ಲೆಕ್ಕದೊಳಗೆ ಬಂದವರು ೧೮ರಿಂದ ೬೫ ವರ್ಷದವರು. ಶಾಲೆಯ ಬೆಂಚಿನ ಮೇಲೆ ತಲೆ ಹಿಡಿದು ಕುಳಿತವರು ಅದರ ಹೊರಗೆ ಉಳಿದರು.

ಆ ಹೊರಗುಳಿದವರನ್ನು ಕಾಣಬೇಕಾದರೆ ಹಂಪಿ, ಹೊಸಪೇಟೆ, ಸಂಡೂರು, ಕಂಪ್ಲಿಗಳ ಕಡೆಗೆ ಬರಬೇಕು. ಹಂಪಿ ಬಜಾರಿನ ರಥಬೀದಿ ವಿರೂಪಾಕ್ಷನ ಗೋಪುರದಿಂದ ಮೂಡಣಕ್ಕೆ ಎದುರುಬಸವಣ್ಣನವರೆಗೆ ನೆಟ್ಟಗೆ ಚಾಚಿದೆ. ಎರಡು ಮಗ್ಗುಲಿಗೂ ಕಲ್ಲುಮಂಟಪಗಳ ಸಾಲು, ಅದರಾಚೆ ಬೆಣಚುಗಲ್ಲಿನ ಬೆಟ್ಟಗಳು. ಚೈತ್ರದ ಮಧ್ಯಾಹ್ನ ಈ ಕಲ್ಲುಗಳು ಕಾದು, ಬೆಳಕು ಮೇಲಿನಿಂದಲೂ ಬೀಳುತ್ತದೆ, ಕೆಳಗಿನಿಂದಲೂ ಚಿಮ್ಮುತ್ತದೆ. ವಿರೂಪಾಕ್ಷನ ತೇರು ಎಳೆಯುವುದು ಇದೇ ಚೈತ್ರದ ಹುಣ್ಣಿಮೆಗೆ. ಹತ್ತನೆಯ ತರಗತಿಯ ಪರೀಕ್ಷೆ ನಡೆಯುವುದೂ ಸುಮಾರಾಗಿ ಇದೇ ಋತುವಿನಲ್ಲಿ. ಬಿಸಿಲು, ಜಾತ್ರೆಯ ಉಪವಾಸ, ಓದಿನ ನಿದ್ದೆಗೇಡು, ಫಲಿತಾಂಶದ ಭಯ—ಮೈಗ್ರೇನನ್ನು ಕೆರಳಿಸುವ ಕಾರಣಗಳೆಲ್ಲ ಒಂದೇ ತಿಂಗಳಲ್ಲಿ ಸಭೆ ಸೇರಿದಂತೆ ಕೂಡುತ್ತವೆ. ಇದಕ್ಕೆ ಇನ್ನೊಂದು ಕಾರಣವನ್ನೂ ಸೇರಿಸಬೇಕು. ಮುಂಬಯಿಯ ತಲೆನೋವು ತಜ್ಞ ಡಾ. ಕೆ. ರವಿಶಂಕರ್ ಅವರು ೨೦೦೬ರಲ್ಲಿ, ತಲೆಸ್ನಾನ ಮಾಡಿದೊಡನೆ ಮೈಗ್ರೇನ್ ಕೆರಳುವ ೯೪ ಭಾರತೀಯ ರೋಗಿಗಳ ವೃತ್ತಾಂತವನ್ನು ಪ್ರಕಟಿಸಿದರು. ಪಾಶ್ಚಾತ್ಯರ ಪುಸ್ತಕಗಳಲ್ಲಿ ಗಿಣ್ಣು, ಮದ್ಯ ಮೊದಲಾದ ಕಾರಣಗಳ ಪಟ್ಟಿಯಿರುತ್ತದೆ. ನಮ್ಮ ಮನೆಗಳಲ್ಲಿ ವಾರಕ್ಕೊಮ್ಮೆ ಎಣ್ಣೆ ಹಚ್ಚಿ ತಲೆಗೆ ಎರೆದುಕೊಂಡು ಒದ್ದೆಗೂದಲು ಕಟ್ಟುವ ಹುಡುಗಿಯ ನೋವು ಆ ಪಟ್ಟಿಯಲ್ಲಿ ಸಿಗುವುದಿಲ್ಲ.

ನೋವು ಬಂದಾಗ ಜನ ಮಾಡುವುದೇನು? ಹಣೆಗೆ ಬಟ್ಟೆ ಬಿಗಿಯುತ್ತಾರೆ, ಶುಂಠಿ ತೇದು ಹಚ್ಚುತ್ತಾರೆ, ಔಷಧದ ಅಂಗಡಿಯಿಂದ ಒಂದು ಗುಳಿಗೆ ತರಿಸುತ್ತಾರೆ. ಅಪರೂಪಕ್ಕೆ ಬರುವ ನೋವಿಗೆ ಇಷ್ಟು ಸಾಕು. ಆದರೆ ಗುಳಿಗೆಯ ಅಭ್ಯಾಸ ಹೆಚ್ಚಾದರೆ ಅದೇ ಶತ್ರುವಾಗುತ್ತದೆ. ಸಾಮಾನ್ಯ ನೋವುಶಮನಕವನ್ನು ತಿಂಗಳಿಗೆ ೧೫ ದಿನ, ಹಲವು ಮದ್ದುಗಳು ಕೂಡಿದ ಮಿಶ್ರಗುಳಿಗೆಯನ್ನು ತಿಂಗಳಿಗೆ ೧೦ ದಿನ—ಹೀಗೆ ಮೂರು ತಿಂಗಳಿಗೂ ಮೀರಿ ನುಂಗಿದರೆ ಮದ್ದೇ ತಲೆನೋವನ್ನು ಹುಟ್ಟಿಸಬಲ್ಲದು. ಆದಕಾರಣ ಮೇಲಿಂದ ಮೇಲೆ ನೋವು ಬರುವವರಿಗೆ ವೈದ್ಯರು ಬೇರೊಂದು ಬಗೆಯ ಚಿಕಿತ್ಸೆಯನ್ನು ಯೋಚಿಸುತ್ತಾರೆ. ನೋವು ಬಂದಾಗ ಇಳಿಸುವ ಮದ್ದಲ್ಲ ಅದು; ನೋವು ಬಾರದಂತೆ ದಿನವೂ ತಿಂಗಳುಗಟ್ಟಲೆ ಸೇವಿಸುವ ತಡೆಮದ್ದು. ಅಮಿಟ್ರಿಪ್ಟಿಲೀನ್, ಟೋಪಿರಮೇಟ್, ಪ್ರೊಪ್ರನೊಲಾಲ್ ಮುಂತಾದವು ಈ ವರ್ಗದವು. ಇವುಗಳಲ್ಲಿ ಯಾವುದೂ ಮೈಗ್ರೇನಿಗೆಂದು ಹುಟ್ಟಿದ ಮದ್ದಲ್ಲ. ಮೊದಲನೆಯದು ಮನೋವ್ಯಾಕುಲತೆಗೆ, ಎರಡನೆಯದು ಅಪಸ್ಮಾರಕ್ಕೆ, ಮೂರನೆಯದು ಹೃದಯದ ತೊಂದರೆಗೆ ಬಂದವು. ದೊಡ್ಡವರಲ್ಲಿ ಅವು ಮೈಗ್ರೇನನ್ನೂ ತಡೆಯುತ್ತವೆಂದು ಕಂಡ ಮೇಲೆ, ಪ್ರಮಾಣವನ್ನು ಕಡಿಮೆ ಮಾಡಿ ಎಳೆಯರಿಗೂ ಕೊಡುವ ರೂಢಿ ಬಂದಿತು.

ಪ್ರಶ್ನೆ ಏಳುವುದು ಇಲ್ಲಿಯೇ. ದೊಡ್ಡವರಿಗೆ ಒದಗಿದ್ದು ಎಳೆಯರಿಗೂ ಒದಗುತ್ತದೆಯೆ? ಮದ್ದು ಆರಂಭಿಸಿದ ಮೂರು ತಿಂಗಳಿಗೆ ನೋವು ಅರ್ಧಕ್ಕಿಳಿಯಿತು ಎಂದು ತಾಯಿ ಹೇಳಿದರೆ ಅದು ಸಾಲದೆ? ಸಾಲದು. ತುಂಗಭದ್ರಾ ಜಲಾಶಯದ ಬಾಗಿಲುಗಳನ್ನು ಮಳೆಗಾಲದಲ್ಲಿ ತೆರೆದಾಗ ಕಂಪ್ಲಿಯ ಸೇತುವೆಯ ಮೇಲೆ ನೀರು ಹರಿಯುವುದುಂಟು. ಆ ದಿನ ಒಬ್ಬಾತ ದಡದಲ್ಲಿ ನಿಂತು ತೆಂಗಿನಕಾಯಿ ಒಡೆದು, ಎರಡು ವಾರದ ಮೇಲೆ ಬಂದು ನೋಡಿ, ‘ನನ್ನ ಕಾಯಿಯಿಂದಲೇ ಹೊಳೆ ಇಳಿಯಿತು’ ಎಂದರೆ ನಾವು ನಗುತ್ತೇವೆ. ನೀರು ಹೇಗೂ ಇಳಿಯುವಂಥದ್ದೇ ಆಗಿತ್ತು. ಮೈಗ್ರೇನೂ ಹಾಗೆಯೇ, ಅದು ಏರುವ ಇಳಿಯುವ ಬೇನೆ. ನೋವು ತೀರ ಏರಿದಾಗಲೇ ಜನ ವೈದ್ಯರ ಬಳಿಗೆ ಹೋಗುತ್ತಾರೆ. ಅಲ್ಲಿಂದ ಮುಂದೆ, ಮದ್ದು ಕೊಟ್ಟರೂ ಕೊಡದಿದ್ದರೂ, ಬಹುಮಂದಿಯ ನೋವು ತುಸು ಇಳಿಯುವುದೇ ಸಹಜ. ಮಾರ್ಚಿಯ ಪರೀಕ್ಷೆಯ ಹೊತ್ತಿಗೆ ಮದ್ದು ಆರಂಭಿಸಿ ಮೇ ತಿಂಗಳ ರಜೆಯಲ್ಲಿ ಲೆಕ್ಕ ನೋಡಿದರೆ, ರಜೆಯ ಪುಣ್ಯವೆಲ್ಲ ಮದ್ದಿನ ಖಾತೆಗೆ ಜಮೆಯಾಗುತ್ತದೆ. ಇದರ ಮೇಲೆ ನಂಬಿಕೆಯ ಬಲವೊಂದಿದೆ. ‘ವೈದ್ಯರು ನನ್ನ ಮಾತನ್ನು ಕೇಳಿದರು, ಮದ್ದು ಕೊಟ್ಟರು, ಇನ್ನು ಗುಣವಾಗುತ್ತದೆ’ ಎಂಬ ಭರವಸೆಯೂ ನೋವಿನ ನರಗಳನ್ನು ಶಾಂತಗೊಳಿಸಬಲ್ಲದು. ಇದು ಭ್ರಮೆಯಲ್ಲ, ದೇಹದ ಧರ್ಮ.

ಆದ್ದರಿಂದಲೇ ಹೋಲಿಕೆಯ ಪ್ರಯೋಗ ಬೇಕಾಗುತ್ತದೆ. ಒಂದೇ ಬಗೆಯ ರೋಗಿಗಳನ್ನು ಚೀಟಿ ಎತ್ತಿದಂತೆ ಗುಂಪುಗಳಾಗಿ ಹಂಚಬೇಕು. ಒಂದು ಗುಂಪಿಗೆ ಮದ್ದು, ಇನ್ನೊಂದಕ್ಕೆ ನೋಡಲು ಅದೇ ಬಣ್ಣ ಅದೇ ಗಾತ್ರದ, ಆದರೆ ಮದ್ದಿಲ್ಲದ ಹುಸಿಗುಳಿಗೆ. ಯಾರಿಗೆ ಯಾವುದು ಎಂಬುದು ನುಂಗುವವರಿಗೂ ತಿಳಿಯಬಾರದು, ನೋಡಿಕೊಳ್ಳುವ ವೈದ್ಯರಿಗೂ ತಿಳಿಯಬಾರದು. ಕೊನೆಗೆ ಗುಟ್ಟು ಬಿಚ್ಚಿ ಎರಡು ಗುಂಪುಗಳನ್ನೂ ತೂಗಿ ನೋಡಬೇಕು. ಹೊಳೆಯ ಇಳಿತ, ರಜೆಯ ಸುಖ, ಭರವಸೆಯ ಬಲ ಇವೆಲ್ಲ ಎರಡು ತಟ್ಟೆಗಳಲ್ಲಿಯೂ ಸಮನಾಗಿರುತ್ತವೆ; ಮಿಕ್ಕ ವ್ಯತ್ಯಾಸವಷ್ಟೇ ಮದ್ದಿನದು. ಇದು ಪರದೇಶದಿಂದ ಎರವಲು ತಂದ ಆಡಂಬರವಲ್ಲ. ಚೀಟಿ ಎತ್ತಿ ಹೋಲಿಸುವ ಈ ಕ್ರಮದಿಂದಲೇ ೧೯೫೬ರಲ್ಲಿ ಆರಂಭವಾದ ಮದರಾಸಿನ ಕ್ಷಯರೋಗ ಚಿಕಿತ್ಸಾ ಕೇಂದ್ರ ೧೯೩ ಬಡ ರೋಗಿಗಳನ್ನು ಎರಡು ಗುಂಪುಮಾಡಿ, ಮನೆಯಲ್ಲೇ ಮದ್ದು ಸೇವಿಸಿದವರೂ ಆರೋಗ್ಯಧಾಮದಲ್ಲಿ ಮಲಗಿದವರೂ ಹೆಚ್ಚುಕಡಿಮೆ ಸಮನಾಗಿ ಗುಣಹೊಂದುವರೆಂದು ೧೯೫೯ರಲ್ಲಿ ತೋರಿಸಿಕೊಟ್ಟಿತು. ಲೋಕವೆಲ್ಲ ಕ್ಷಯದ ಚಿಕಿತ್ಸೆಯನ್ನು ಬದಲಿಸಿಕೊಂಡದ್ದು ಅದನ್ನು ನೋಡಿ. ನಮ್ಮ ನೆರೆಯಲ್ಲಿಯೇ ಇಂಥ ಪರಂಪರೆಯಿರುವಾಗ ಅರೆತಲೆನೋವಿನ ವಿಷಯದಲ್ಲಿ ನಾವು ಹಿಂಜರಿಯಬೇಕಾಗಿಲ್ಲ.

ಎಳೆಯರ ಮೈಗ್ರೇನಿನ ತಡೆಮದ್ದುಗಳನ್ನು ಹೀಗೆ ತೂಗಿದಾಗ ಕಂಡದ್ದೇನು? ೨೦೦೭ರಲ್ಲಿ ಚಂಡೀಗಢದ ಸ್ನಾತಕೋತ್ತರ ವೈದ್ಯಕೀಯ ಸಂಸ್ಥೆಯ ವೈದ್ಯರು ೮ರಿಂದ ೧೪ ವರ್ಷದ ೪೪ ಮಕ್ಕಳಲ್ಲಿ ಟೋಪಿರಮೇಟನ್ನು ಹುಸಿಗುಳಿಗೆಯೊಡನೆ ಹೋಲಿಸಿದರು. ನೋವಿನ ದಿನಗಳು ಅರ್ಧಕ್ಕಿಂತ ಹೆಚ್ಚು ಇಳಿದವರು ಮದ್ದಿನ ಗುಂಪಿನಲ್ಲಿ ನೂರಕ್ಕೆ ೯೫, ಹುಸಿಗುಳಿಗೆಯ ಗುಂಪಿನಲ್ಲಿ ನೂರಕ್ಕೆ ೫೨. ಮದ್ದು ಗೆದ್ದಿತು, ಆದರೆ ಏನೂ ಇಲ್ಲದ ಗುಳಿಗೆಯಿಂದಲೂ ಅರ್ಧಕ್ಕೆ ಮಿಕ್ಕ ಮಕ್ಕಳು ಸುಧಾರಿಸಿದರೆಂಬುದು ಗಮನಾರ್ಹ. ೨೦೧೪ರಲ್ಲಿ ಅಮೆರಿಕದ ಔಷಧ ನಿಯಂತ್ರಣಾಧಿಕಾರಿಗಳು ೧೨ರಿಂದ ೧೭ ವಯಸ್ಸಿನವರ ಮೈಗ್ರೇನ್ ತಡೆಗೆ ಟೋಪಿರಮೇಟನ್ನು ಅಂಗೀಕರಿಸಿದರು.

ಇದಾದ ಬಳಿಕ ೨೦೧೭ರಲ್ಲಿ ಅಮೆರಿಕದಲ್ಲಿಯೇ ಇನ್ನೂ ದೊಡ್ಡದೊಂದು ಪ್ರಯೋಗದ ಫಲಿತಾಂಶ ಹೊರಬಿತ್ತು. ಸಿನ್ಸಿನಾಟಿಯ ಮಕ್ಕಳ ಆಸ್ಪತ್ರೆಯ ನೇತೃತ್ವದಲ್ಲಿ ೩೧ ಕೇಂದ್ರಗಳು ಕೂಡಿ ೮ರಿಂದ ೧೭ ವರ್ಷದ ೩೬೧ ಮಕ್ಕಳನ್ನು ಆರಿಸಿ, ಅಮಿಟ್ರಿಪ್ಟಿಲೀನ್, ಟೋಪಿರಮೇಟ್, ಹುಸಿಗುಳಿಗೆ ಎಂಬ ಮೂರು ಗುಂಪುಗಳಾಗಿ ಹಂಚಿ, ೨೪ ವಾರ ನೋಡಿಕೊಂಡವು. ಕೆಲವರದು ಆಗಾಗ್ಗೆ ಬರುವ ಮೈಗ್ರೇನ್, ಕೆಲವರದು ದೀರ್ಘಕಾಲಿಕವಾದದ್ದು. ತಲೆನೋವಿನ ದಿನಗಳು ಅರ್ಧಕ್ಕಾದರೂ ಇಳಿದವರು ಅಮಿಟ್ರಿಪ್ಟಿಲೀನ್ ಗುಂಪಿನಲ್ಲಿ ನೂರಕ್ಕೆ ೫೨. ಟೋಪಿರಮೇಟ್ ಗುಂಪಿನಲ್ಲಿ ೫೫. ಹುಸಿಗುಳಿಗೆಯ ಗುಂಪಿನಲ್ಲಿ ೬೧! ಮದ್ದು ಗೆಲ್ಲುವ ಸಂಭವವೇ ಇಲ್ಲವೆಂದು ಕಂಡು ಪ್ರಯೋಗವನ್ನು ಅವಧಿಗೆ ಮುನ್ನವೇ ನಿಲ್ಲಿಸಲಾಯಿತು. ಆದರೆ ಮದ್ದಿನ ತೊಂದರೆಗಳು ಮಾತ್ರ ನಿಜವಾಗಿದ್ದವು. ಟೋಪಿರಮೇಟ್ ಸೇವಿಸಿದವರಲ್ಲಿ ನೂರಕ್ಕೆ ೩೧ ಮಂದಿಗೆ ಕೈಕಾಲು ಜುಮ್ಮೆಂದವು. ಹುಸಿಗುಳಿಗೆಯವರಲ್ಲಿ ೮ ಮಂದಿಗೆ. ಅಮಿಟ್ರಿಪ್ಟಿಲೀನ್ ಸೇವಿಸಿದವರಲ್ಲಿ ನೂರಕ್ಕೆ ೩೦ ಮಂದಿಗೆ ಆಯಾಸ. ಹುಸಿಗುಳಿಗೆಯವರಲ್ಲಿ ೧೪ ಮಂದಿಗೆ. ಅಮಿಟ್ರಿಪ್ಟಿಲೀನ್ ಗುಂಪಿನ ಮೂವರ ಮನಃಸ್ಥಿತಿ ಗಂಭೀರವಾಗಿ ಕೆಟ್ಟಿತು. ಟೋಪಿರಮೇಟ್ ಗುಂಪಿನ ಒಬ್ಬರು ಆತ್ಮಹತ್ಯೆಗೆ ಯತ್ನಿಸಿದರು.

ದೀರ್ಘಕಾಲಿಕ ಮೈಗ್ರೇನನ್ನೇ ಗುರಿಯಾಗಿಟ್ಟುಕೊಂಡ ಇನ್ನೊಂದು ಪ್ರಯೋಗ ೨೦೨೦ರಲ್ಲಿ ಪ್ರಕಟವಾಯಿತು. ತಲೆ ಮತ್ತು ಕತ್ತಿನ ಸ್ನಾಯುಗಳಿಗೆ ಬೊಟ್ಯುಲಿನಮ್ ವಿಷದ ಅತ್ಯಲ್ಪ ಪ್ರಮಾಣವನ್ನು ಚುಚ್ಚುವ ಚಿಕಿತ್ಸೆ ದೊಡ್ಡವರಲ್ಲಿ ಗುಣಕಾರಿಯೆಂದು ೨೦೧೦ರಲ್ಲೇ ಅಮೆರಿಕದಲ್ಲಿ ಅಂಗೀಕೃತವಾಗಿತ್ತು. ಅದನ್ನೇ ೧೨ರಿಂದ ೧೭ ವರ್ಷದ ೧೨೫ ಮಂದಿಗೆ ಪರೀಕ್ಷಿಸಿದಾಗ, ಹೆಚ್ಚು ಪ್ರಮಾಣದ ಚುಚ್ಚುಮದ್ದು ಪಡೆದವರಲ್ಲಿ ತಿಂಗಳಿಗೆ ೬.೩ ನೋವಿನ ದಿನಗಳು ಕಡಿಮೆಯಾದವು. ಕಡಿಮೆ ಪ್ರಮಾಣದವರಲ್ಲಿ ೬.೪, ಏನೂ ಇಲ್ಲದ ಚುಚ್ಚುಮದ್ದು ಪಡೆದವರಲ್ಲಿ ೬.೮. ಎಳೆಯರೆಂದರೆ ಗಾತ್ರ ಕುಗ್ಗಿದ ದೊಡ್ಡವರಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ಈ ಅಂಕಿಗಳಿಂದ ಎರಡು ತಪ್ಪು ತೀರ್ಮಾನಗಳು ಹುಟ್ಟುವ ಅಪಾಯವಿದೆ. ‘ಹುಸಿಗುಳಿಗೆಯಿಂದ ಗುಣವಾಯಿತೆಂದರೆ ನೋವೂ ಹುಸಿಯೇ’ ಎಂಬುದು ಮೊದಲನೆಯದು. ಇದು ಸರ್ವಥಾ ಸಲ್ಲದು. ಆ ಪ್ರಯೋಗದ ಮಕ್ಕಳೆಲ್ಲರಿಗೂ ಗುಳಿಗೆಯೊಂದೇ ದೊರೆಯಲಿಲ್ಲ. ಅವರ ಮಾತನ್ನು ನಂಬಿ ಕೇಳುವ ವೈದ್ಯರು ದೊರೆತರು, ನೋವಿನ ದಿನಚರಿ ಬರೆಯುವ ಅಭ್ಯಾಸ ದೊರೆಯಿತು, ನಿದ್ದೆ ಊಟಗಳ ತಿಳಿವಳಿಕೆ ದೊರೆಯಿತು. ಇಂಥ ಆರೈಕೆಯಿಂದ ನೂರಕ್ಕೆ ಅರವತ್ತು ಮಂದಿ ಸುಧಾರಿಸಿದರೆಂದರೆ, ಅದು ಮಕ್ಕಳ ಮೇಲಿನ ಆರೋಪವಲ್ಲ, ಆರೈಕೆಗೆ ದೊರೆತ ಪ್ರಶಸ್ತಿ. ‘ಮದ್ದುಗಳೆಲ್ಲ ನಿರರ್ಥಕ’ ಎಂಬುದು ಎರಡನೆಯ ತಪ್ಪು. ತಕ್ಕಡಿ ಯಾವಾಗಲೂ ಒಂದೇ ಕಡೆಗೆ ವಾಲುವುದಿಲ್ಲ. ಸಿ.ಜಿ.ಆರ್.ಪಿ.ಯನ್ನೇ ಹಿಡಿದು ತಡೆಯುವ ಫ್ರೆಮನೆಜುಮಾಬ್ ಎಂಬ ಚುಚ್ಚುಮದ್ದು ಎಳೆಯರಲ್ಲಿ ಹುಸಿಮದ್ದನ್ನು ಮೀರಿಸಿತು. ಅದರ ಬಲದ ಮೇಲೆ ೨೦೨೫ರಲ್ಲಿ ಅಮೆರಿಕದಲ್ಲಿ ೬ರಿಂದ ೧೭ ವರ್ಷದ, ೪೫ ಕಿಲೋಗ್ರಾಮಿಗೆ ಕಡಿಮೆಯಿಲ್ಲದ ತೂಕದ ಮಕ್ಕಳಿಗೆ ಅದು ಅಂಗೀಕಾರ ಪಡೆಯಿತು. ಆದರೆ ಆ ಅಂಗೀಕಾರ ಆಗಾಗ್ಗೆ ಬರುವ ಮೈಗ್ರೇನಿಗೆ ಸಂಬಂಧಿಸಿದ್ದು, ದೀರ್ಘಕಾಲಿಕವಾದದ್ದಕ್ಕಲ್ಲ.

ಮದ್ದಲ್ಲದ ಚಿಕಿತ್ಸೆಯೂ ತಕ್ಕಡಿಗೆ ಹೊರತಲ್ಲ. ೨೦೧೩ರಲ್ಲಿ ಸಿನ್ಸಿನಾಟಿಯ ಅದೇ ಆಸ್ಪತ್ರೆಯವರು ದೀರ್ಘಕಾಲಿಕ ಮೈಗ್ರೇನಿನ ೧೦ರಿಂದ ೧೭ ವರ್ಷದ ೧೩೫ ಮಂದಿಗೆಲ್ಲ ಅಮಿಟ್ರಿಪ್ಟಿಲೀನ್ ಕೊಟ್ಟು, ಅರ್ಧ ಜನಕ್ಕೆ ನೋವನ್ನು ಎದುರಿಸುವ ಮನಃಶಿಕ್ಷಣವನ್ನು—ಮೈ ಸಡಿಲಿಸುವುದು, ಉಸಿರನ್ನು ಹದಗೊಳಿಸುವುದು, ಭಯದ ಯೋಚನೆಗಳನ್ನು ತಿದ್ದಿಕೊಳ್ಳುವುದು ಇತ್ಯಾದಿ—ಕಲಿಸಿದರು. ಮಿಕ್ಕವರಿಗೆ ತಲೆನೋವಿನ ವಿಚಾರವಾಗಿ ಬರಿಯ ತಿಳಿವಳಿಕೆ ಹೇಳಿದರು. ೨೦ ವಾರಗಳ ಮೇಲೆ ನೋಡಿದರೆ, ಮೊದಲನೆಯವರಲ್ಲಿ ನಾಲ್ಕು ವಾರಕ್ಕೆ ೧೧.೫ ನೋವಿನ ದಿನಗಳು ಇಳಿದಿದ್ದವು, ಎರಡನೆಯವರಲ್ಲಿ ೬.೮. ಕಲಿಸುವುದರಿಂದ ಬಂದ ಲಾಭವಿದು. ನಮ್ಮಲ್ಲಿಯೂ ದೆಹಲಿಯ ಏಮ್ಸ್ ಸಂಸ್ಥೆಯವರು ಮದ್ದಿನೊಡನೆ ಯೋಗಾಭ್ಯಾಸವನ್ನು ಸೇರಿಸಿ ಪರೀಕ್ಷಿಸಿ, ೨೦೨೦ರಲ್ಲಿ ಅದರಿಂದ ಹೆಚ್ಚಿನ ಲಾಭವಿದೆಯೆಂದು ಪ್ರಕಟಿಸಿದರು. ಆದರೆ ಅಲ್ಲಿಯೂ ಪಾಲ್ಗೊಂಡವರು ೧೮ ದಾಟಿದವರು. ಎಳೆಯರು ಮತ್ತೆ ಬಾಗಿಲ ಹೊರಗೆ!

‘ನರಳುವ ಮಗುವಿಗೆ ಮದ್ದಿಲ್ಲದ ಗುಳಿಗೆ ಕೊಡುವುದು ಕ್ರೌರ್ಯವಲ್ಲವೆ? ನಮ್ಮ ಮಕ್ಕಳೇನು ಪ್ರಯೋಗಶಾಲೆಯ ಇಲಿಗಳೆ?’ ಎಂದು ವಾಚಕರು ಕೇಳಬಹುದು. ನ್ಯಾಯವಾದ ಪ್ರಶ್ನೆ. ಉತ್ತರಗಳೂ ಇವೆ. ಹುಸಿಗುಳಿಗೆ ತಡೆಮದ್ದಿನ ಸ್ಥಾನದಲ್ಲಿ ಮಾತ್ರ ಇರುತ್ತದೆ. ನೋವು ಬಂದಾಗ ಇಳಿಸುವ ಮದ್ದನ್ನು ಯಾವ ಮಗುವಿಗೂ ತಪ್ಪಿಸುವಂತಿಲ್ಲ. ಹುಸಿಗುಳಿಗೆಯ ಗುಂಪನ್ನು ಚಿಕ್ಕದಾಗಿಡಬಹುದು. ಮೇಲೆ ಹೇಳಿದ ೨೦೧೭ರ ಪ್ರಯೋಗದಲ್ಲಿ ಐವರಲ್ಲಿ ಒಬ್ಬರಿಗಷ್ಟೇ ಅದು ಸಲ್ಲುವಂತೆ ಚೀಟಿಗಳನ್ನು ಹಂಚಲಾಗಿತ್ತು. ನಮ್ಮ ದೇಶದ ನಿಯಮಗಳ ಪ್ರಕಾರ ತಂದೆತಾಯಿಗಳ ಒಪ್ಪಿಗೆಯೊಂದೇ ಸಾಲದು, ತಿಳಿಯುವ ವಯಸ್ಸಿನ ಮಗುವಿನ ಸಮ್ಮತಿಯೂ ಬೇಕು. ಯಾವಾಗ ಬೇಕಾದರೂ ಹಿಂದೆ ಸರಿಯುವ ಹಕ್ಕೂ ಉಂಟು. ೨೦೦೭ರಲ್ಲಿ ಆರಂಭವಾದ ಭಾರತೀಯ ಪ್ರಯೋಗ ನೋಂದಣಿ ಪುಸ್ತಕದಲ್ಲಿ ಪ್ರಯೋಗವನ್ನು ಮೊದಲೇ ದಾಖಲಿಸಬೇಕೆಂಬುದು ೨೦೦೯ರಿಂದ ಕಡ್ಡಾಯ. ಇವೆಲ್ಲಕ್ಕಿಂತ ಮುಖ್ಯವಾದದ್ದೊಂದಿದೆ. ಪರೀಕ್ಷೆಯಿಲ್ಲದೆ ಸಾವಿರ ಮಕ್ಕಳಿಗೆ ಮದ್ದು ಕೊಡುವುದೂ ಪ್ರಯೋಗವೇ. ಲೆಕ್ಕವನ್ನು ಇಡದ, ಯಾರ ಅನುಮತಿಯನ್ನೂ ಕೇಳದ, ಯಾರಿಗೂ ಪಾಠವನ್ನು ಕಲಿಸದ ಪ್ರಯೋಗ. ಪರೀಕ್ಷೆಯ ವರ್ಷದಲ್ಲಿ ಮಂಪರು ತರಬಲ್ಲ, ಮಾತಿಗೆ ಪದ ಹುಡುಕುವಂತೆ ಮಾಡಬಲ್ಲ ಮದ್ದನ್ನು, ಅದು ಹುಸಿಗುಳಿಗೆಗಿಂತ ಮೇಲೆಂದು ತಿಳಿಯದೆಯೇ ಕೊಡುವುದು ಯಾವ ದಯೆ?

ಆದ್ದರಿಂದ ನನ್ನ ಸಲಹೆ ಇದು. ಬಿಸಿಲೂ ಬಡತನವೂ ಸೇರಿರುವ ನಮ್ಮ ಕಡೆಯ ಎಳೆಯರಲ್ಲಿಯೇ ಇಂಥ ಪರೀಕ್ಷೆ ನಡೆಯಬೇಕು. ಸಿನ್ಸಿನಾಟಿಯ ಮಗುವಿನ ಊಟ ಬೇರೆ, ಹವೆ ಬೇರೆ, ಶಾಲೆ ಬೇರೆ. ಹಂಪಿಯ ಮಗುವಿನ ಊಟ, ಹವೆ, ಶಾಲೆಗಳೂ ಬೇರೆ. ೧೯೬೧ರಲ್ಲಿ ಆರಂಭವಾದ ಬಳ್ಳಾರಿಯ ಸರ್ಕಾರಿ ವೈದ್ಯಕೀಯ ಕಾಲೇಜು ಮುಂದೆ ನಿಂತು, ಹೊಸಪೇಟೆ, ಸಂಡೂರುಗಳ ಆಸ್ಪತ್ರೆಗಳನ್ನೂ ಕೊಪ್ಪಳ, ರಾಯಚೂರು, ಹುಬ್ಬಳ್ಳಿಗಳ ವೈದ್ಯರನ್ನೂ ಕೂಡಿಸಿಕೊಳ್ಳಬಹುದು. ನಾಲ್ವತ್ತು ಮಕ್ಕಳ ಫಲಿತಾಂಶ ಮುನ್ನೂರು ಮಕ್ಕಳಲ್ಲಿ ನಿಲ್ಲದೆ ಹೋಗಬಹುದೆಂಬುದನ್ನು ಮೇಲೆ ಕಂಡೆವು. ಆದಕಾರಣ ಒಂದೇ ಊರಿನ ಸಣ್ಣ ಪ್ರಯೋಗ ಸಾಲದು. ಎಂಟನೆಯ ತರಗತಿಯಿಂದ ಪದವಿಪೂರ್ವದವರೆಗಿನ ಮಕ್ಕಳಲ್ಲಿ ದೀರ್ಘಕಾಲಿಕ ಮೈಗ್ರೇನ್ ಇರುವವರನ್ನು ಆರಿಸಿ, ಎಲ್ಲರಿಗೂ ನಿಯಮಿತ ಊಟ, ನಿದ್ದೆ, ನೀರು, ನೆರಳುಗಳ ತಿಳಿವಳಿಕೆಯನ್ನೂ ನೋವು ಇಳಿಸುವ ಮದ್ದನ್ನೂ ಕೊಡಬೇಕು. ಅದರ ಮೇಲೆ ಚೀಟಿ ಎತ್ತಿ, ಅಗ್ಗದ ತಡೆಮದ್ದೊಂದನ್ನು ಹುಸಿಗುಳಿಗೆಯೊಡನೆಯೂ, ಕನ್ನಡದಲ್ಲಿ ಕಲಿಸಿದ ಮನಃಶಿಕ್ಷಣವನ್ನು ಬರಿಯ ತಿಳಿವಳಿಕೆಯೊಡನೆಯೂ ಹೋಲಿಸಬೇಕು. ಪರೀಕ್ಷೆ, ಜಾತ್ರೆ, ರಜೆ, ಮಳೆಗಾಲ ಎಲ್ಲವೂ ಒಳಗಾಗುವಂತೆ ಒಂದು ಪೂರ್ತಿ ವರ್ಷ ನೋಡಬೇಕು. ದಿನಚರಿಯ ಪುಸ್ತಕದಲ್ಲಿ ತಲೆಸ್ನಾನಕ್ಕೂ ಉಪವಾಸಕ್ಕೂ ಒಂದೊಂದು ಅಂಕಣವಿರಬೇಕು. ನೋವಿನ ದಿನಗಳನ್ನಲ್ಲದೆ ಶಾಲೆ ತಪ್ಪಿದ ದಿನಗಳನ್ನೂ ಮದ್ದಿನ ತೊಂದರೆಗಳನ್ನೂ ಎಣಿಸಬೇಕು. ಮದ್ದು ಗೆಲ್ಲಲಿ ಸೋಲಲಿ, ಫಲವನ್ನು ಪ್ರಕಟಿಸಬೇಕು.

ಇದಕ್ಕೆ ಹಣ ಯಾರು ಕೊಡಬೇಕು? ಹಳೆಯ ಅಗ್ಗದ ಗುಳಿಗೆಗಳನ್ನು ಪರೀಕ್ಷಿಸುವುದರಿಂದ ಯಾವ ಔಷಧ ವ್ಯಾಪಾರಿಗೂ ಲಾಭವಿಲ್ಲ. ಊಟ ನಿದ್ದೆಗಳನ್ನು ಪರೀಕ್ಷಿಸುವುದರಿಂದಂತೂ ಕವಡೆಯೂ ಹುಟ್ಟದು. ಲಾಭವಾಗುವುದು ಸಮಾಜಕ್ಕೆ. ಆದ್ದರಿಂದ ಸಮಾಜದ ಹಣವೇ, ಅಂದರೆ ಸರ್ಕಾರದ ಮತ್ತು ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ ಹಣವೇ ಇದಕ್ಕೆ ಸಲ್ಲಬೇಕು.

ಆ ದಿನ ಬರುವವರೆಗೆ ತಂದೆತಾಯಿಗಳು ಕೈಕಟ್ಟಿ ಕುಳಿತಿರಬೇಕಾಗಿಲ್ಲ. ಮಗುವಿನ ನೋವಿನ ದಿನಗಳನ್ನು ಗೋಡೆಯ ಪಂಚಾಂಗದಲ್ಲಿ ಗುರುತು ಹಾಕಿರಿ. ಬೆಳಗಿನ ಉಪಾಹಾರ ತಪ್ಪಿಸದಿರಿ. ಮಲಗುವ ಏಳುವ ಹೊತ್ತು ರಜೆಯಲ್ಲಿಯೂ ಒಂದೇ ಇರಲಿ. ಬಿಸಿಲಿಗೆ ಹೋಗುವಾಗ ಕೊಡೆಯೂ ನೀರೂ ಜೊತೆಗಿರಲಿ. ನೋವಿನ ಗುಳಿಗೆಯ ಎಣಿಕೆಯನ್ನು ಇಡಿರಿ. ವೈದ್ಯರು ತಡೆಮದ್ದು ಕೊಟ್ಟಿದ್ದರೆ ಈ ಲೇಖನವನ್ನು ಓದಿ ಅದನ್ನು ಥಟ್ಟನೆ ನಿಲ್ಲಿಸತಕ್ಕದ್ದಲ್ಲ. ಪ್ರಯೋಜನವೇನು, ತೊಂದರೆಯೇನು, ಎಷ್ಟು ಕಾಲ ಎಂದು ಅವರನ್ನೇ ಕೇಳಿರಿ. ಮಗು ಎಂದಿಲ್ಲದಂತೆ ಮಂಕಾದರೆ, ಖಿನ್ನವಾದರೆ ತಡಮಾಡದೆ ತಿಳಿಸಿರಿ. ಸಿಡಿಲು ಬಡಿದಂತೆ ಒಮ್ಮೆಲೇ ಬಂದ ತೀವ್ರ ನೋವು, ಜ್ವರದೊಡನೆ ಕತ್ತು ಸೆಟೆಯುವುದು, ದಿನೇ ದಿನೇ ಹೆಚ್ಚುತ್ತ ಬೆಳಗಿನ ಜಾವ ವಾಂತಿ ತರುವ ನೋವು, ಫಿಟ್ಸು, ಕೈಕ��ಲಿನ ಬಲ ಕುಂದುವುದು, ದೃಷ್ಟಿ ಮಂದವಾಗುವುದು—ಇವು ಮೈಗ್ರೇನಲ್ಲದ ಬೇರೆ ಅಪಾಯದ ಸೂಚನೆಗಳಾಗಿರಬಹುದು; ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು.

ನಮ್ಮ ಮಕ್ಕಳು ವರ್ಷಕ್ಕೊಮ್ಮೆಯಾದರೂ ಪರೀಕ್ಷೆಗೆ ಕುಳಿತು, ತಾವು ಕಲಿತದ್ದನ್ನು ಸಿದ್ಧಪಡಿಸಿ ತೋರಿಸಬೇಕೆಂದು ನಾವು ಕಟ್ಟುನಿಟ್ಟಾಗಿ ವಿಧಿಸಿದ್ದೇವೆ. ಅವರು ದಿನವೂ ನುಂಗುವ ಮದ್ದಿಗೂ ಅಷ್ಟೇ ಕಟ್ಟುನಿಟ್ಟಿನ ಪರೀಕ್ಷೆಯನ್ನು ವಿಧಿಸುವುದು ಅವರಿಗೆ ನಾವು ಸಲ್ಲಿಸಬೇಕಾದ ಕನಿಷ್ಠ ನ್ಯಾಯ.